ವಾಮಾಚಾರವೂ ಪಶ್ಚಿಮದ ‘ಎಡಗೈ ಮಾರ್ಗ’ವೂ

ಹುಬ್ಬಳ್ಳಿ-ಧಾರವಾಡದ ಕಡೆ ವಾಮಾಚಾರ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಅಮಾವಾಸ್ಯೆಯ ಮರುದಿನ ಮೂರು ದಾರಿ ಕೂಡುವಲ್ಲಿ ಬಿದ್ದಿರುವ ಲಿಂಬಿಹಣ್ಣು, ಕುಂಕುಮ. ಅದು ಮಾಟ. ತಂತ್ರಶಾಸ್ತ್ರದ ವಾಮಾಚಾರವೇ ಬೇರೆ: ಮದ್ಯ, ಮಾಂಸದಂಥ ನಿಷಿದ್ಧ ವಸ್ತುಗಳನ್ನೂ ಪೂಜೆಗೆ ತರುವ ದಾರಿ ಅದು. ವಾಮ ಎಂದರೆ ಎಡ. ಈಗ ಇಂಟರ್ನೆಟ್ಟಿನಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿದೆ: ಪಶ್ಚಿಮದ ‘ಲೆಫ್ಟ್ ಹ್ಯಾಂಡ್ ಪಾತ್’ ಎಂಬುದು ನಮ್ಮ ವಾಮಾಚಾರವೇ ಅಂತೆ. ಹೆಸರು ಇಲ್ಲಿಂದ ಹೋಗಿದ್ದು ನಿಜ, ಸರಕು ಮಾತ್ರ ಬೇರೆ.

1875ರಲ್ಲಿ ಥಿಯಾಸಾಫಿಕಲ್ ಸೊಸೈಟಿ ಎಂಬ ಗೂಢವಿದ್ಯೆಯ ಸಂಘ ಕಟ್ಟಿದವರಲ್ಲೊಬ್ಬರಾದ ಬ್ಲಾವಟ್ಸ್ಕಿ ಈ ಮಾತನ್ನು ದುಷ್ಟವಿದ್ಯೆ ಎಂಬ ಅರ್ಥದಲ್ಲಿ ಅಲ್ಲಿ ಹಬ್ಬಿಸಿದರು. ಇಂಗ್ಲೆಂಡಿನ ಮಾಂತ್ರಿಕ ಅಲಿಸ್ಟರ್ ಕ್ರೌಲಿಗೂ ಅದು ಬೈಗುಳವೇ: ಅಹಂಕಾರ ಬಿಡಲೊಪ್ಪದೆ ದಾರಿಯಲ್ಲೇ ನಿಂತುಬಿಟ್ಟವರಿಗೆ ಹಾಗೆನ್ನುತ್ತಿದ್ದ. ಅದನ್ನೇ ಹೆಮ್ಮೆಯ ಹೆಸರಾಗಿ ಹೊತ್ತವರು 1966ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಆಂಟನ್ ಲಾವೇಯ ಚರ್ಚ್ ಆಫ್ ಸೇಟನ್ (ಸೈತಾನನ ಹೆಸರಿನ ಪಂಥ), ಅದರಿಂದ ಒಡೆದು 1975ರಲ್ಲಿ ಬಂದ ಟೆಂಪಲ್ ಆಫ್ ಸೆಟ್ (ಸೆಟ್ ಪ್ರಾಚೀನ ಈಜಿಪ್ಟಿನ ದೇವತೆ).

ಬೈಗುಳ ಅಂಟುವ ಬಗೆಗೆ ನಮ್ಮ ನೆಲದಲ್ಲೇ ಸಾಕ್ಷಿ ಉಂಟು. ಕಾಳಾಮುಖರೆಂಬ ಹಳೆಯ ಶೈವ ಪಂಥದವರು ಕಪಾಲದಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು ಎಂದು ರಾಮಾನುಜರು ಬರೆದರು. ಗದಗದ ತ್ರಿಕೂಟೇಶ್ವರ ಅದೇ ಕಾಳಾಮುಖರ ದೊಡ್ಡ ಸ್ಥಾನವಾಗಿತ್ತು. ನಮ್ಮ ಶಾಸನಗಳು ಹೊಗಳುವುದು ಆ ಆಚಾರ್ಯರ ತರ್ಕ, ವ್ಯಾಕರಣ, ವಿದ್ಯಾದಾನವನ್ನು.

ಇನ್ನು ತಂತ್ರದ ವಾಮಾಚಾರ. ಕೌಲ ಪಂಥದ ಗ್ರಂಥವಾದ ಕುಲಾರ್ಣವ ತಂತ್ರ ಏಳು ಆಚಾರ, ಅಂದರೆ ಸಾಧನೆಯ ಏಳು ಮೆಟ್ಟಿಲು ಹೇಳುತ್ತದೆ. ವಾಮ ಐದನೆಯದು, ಕೌಲ ಕೊನೆಯದು. ಕುಡಿದರೆ ಸಿದ್ಧಿ ಬರುವುದಾದರೆ ಕುಡುಕರೆಲ್ಲ ಸಿದ್ಧರಾಗುತ್ತಿದ್ದರು ಎಂದು ಎಚ್ಚರಿಸುವುದೂ ಅದೇ ಗ್ರಂಥ. ಪಂಚಮಕಾರ (ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನ) ವೀರಭಾವದವರಿಗೆ, ಅಂದರೆ ಪಳಗಿದ ಸಾಧಕರಿಗೆ ಮಾತ್ರ, ಅದೂ ಗುರು ಒಪ್ಪಿದ ಮೇಲೆ. ಪಶುಭಾವದವರಿಗೆ, ಅಂದರೆ ಇನ್ನೂ ಪಳಗದ ಸಾಮಾನ್ಯರಿಗೆ ಬದಲಿ ಸಾಮಗ್ರಿ: ಮದ್ಯದ ಜಾಗಕ್ಕೆ ಕಂಚಿನ ಪಾತ್ರೆಯಲ್ಲಿ ಎಳನೀರು, ಮಾಂಸಕ್ಕೆ ಶುಂಠಿ, ಎಳ್ಳು ಅಥವಾ ಉದ್ದು. ಮುದ್ರೆ ಎಂದರೆ ಇಲ್ಲಿ ಕೈಸನ್ನೆ ಅಲ್ಲ, ಹುರಿದ ಕಾಳು.

ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವುದು ಈ ಸಾಮಗ್ರಿಯಲ್ಲಲ್ಲ, ಅದಕ್ಕೂ ಮೊದಲು ನಡೆಯುವ ಭೂತಶುದ್ಧಿಯಲ್ಲಿ, ಅಂದರೆ ಮೈಯಲ್ಲಿರುವ ಪಂಚಭೂತಗಳನ್ನು ಶುದ್ಧ ಮಾಡುವ ಧ್ಯಾನದಲ್ಲಿ. ಮಣ್ಣನ್ನು ನೀರಿನಲ್ಲಿ, ನೀರನ್ನು ಬೆಂಕಿಯಲ್ಲಿ, ಹೀಗೆ ಮೇಲಕ್ಕೆ ಲಯ ಮಾಡುತ್ತ ‘ನಾನು’ ಉಳಿಯದ ಹಾಗೆ ಭಾವಿಸಬೇಕು. ಎಡ ಹೊಟ್ಟೆಯಲ್ಲಿ ಪಾಪಪುರುಷ ಕುಳಿತಿದ್ದಾನೆ ಎಂದು ಧ್ಯಾನಿಸಿ, 16 ಸಲ ‘ಯಂ’ ಎನ್ನುತ್ತ ಉಸಿರೆಳೆದು ಅವನನ್ನು ಒಣಗಿಸಿ, 64 ಸಲ ‘ರಂ’ ಎನ್ನುತ್ತ ಉಸಿರು ಹಿಡಿದು ಸುಟ್ಟು, 32 ಸಲ ‘ವಂ’ ಎನ್ನುತ್ತ ಉಸಿರು ಬಿಟ್ಟು ತೊಳೆಯಬೇಕು. ಪುಸ್ತಕ ನೋಡಿ ಮೊದಲ ದಿನವೇ 64ಕ್ಕೆ ಕೈ ಹಾಕಿದವರಿಗೆ ತಲೆ ತಿರುಗುತ್ತದೆ, ಎದೆ ಬಡಿದುಕೊಳ್ಳುತ್ತದೆ. 4, 16, 8ರಿಂದ ಶುರು ಮಾಡಬೇಕು. ರಕ್ತದೊತ್ತಡ ಇದ್ದವರು ಉಸಿರು ಹಿಡಿಯಲೇಬಾರದು.

ಆಮೇಲೆ ಉಸಿರಿನ ಮೂಲಕ ದೇವತೆಯನ್ನು ಎದೆಯಿಂದ ಹೂವಿಗೆ, ಹೂವಿನಿಂದ ಯಂತ್ರಕ್ಕೆ (ಪೂಜೆಗೆ ಬರೆದ ರೇಖಾಚಿತ್ರಕ್ಕೆ) ಇಳಿಸುತ್ತಾರೆ. ಪೂಜೆ ಮುಗಿದಾಗ ಸಂಹಾರಮುದ್ರೆ ಎಂಬ ಕೈಸನ್ನೆಯಿಂದ ಅದೇ ಹೂವೆತ್ತಿ, ಮೂಸಿ, ದೇವತೆಯನ್ನು ಎದೆಗೆ ಮರಳಿ ತಂದುಕೊಳ್ಳುತ್ತಾರೆ.

ಲಾವೇಯ ವಿಧಿಯಲ್ಲಿ ಅಪ್ರದಕ್ಷಿಣವಾಗಿ ತಿರುಗುತ್ತ ಒಂಬತ್ತು ಸಲ ಗಂಟೆ ಬಾರಿಸುತ್ತಾರೆ. ಕಾಮ, ಕರುಣೆ, ದ್ವೇಷ, ಯಾವ ಭಾವಕ್ಕಾಗಿ ವಿಧಿಯೋ ಅದನ್ನು ಪೂರ್ತಿ ಉಕ್ಕಿಸಿ ಹೊರಹಾಕುವುದೇ ಅಲ್ಲಿನ ಕೆಲಸ. ಲಾವೇಗೆ ಸೈತಾನ ಒಂದು ಸಂಕೇತ ಮಾತ್ರ. ಸೆಟ್ ಪಂಥದವರಿಗೆ ಸೆಟ್ ನಿಜವಾದ ದೇವತೆ. ಎರಡು ಕಡೆಯೂ ‘ನಾನು’ ಗಟ್ಟಿಯಾಗಬೇಕೇ ಹೊರತು ಕರಗಬಾರದು. ಇದನ್ನು ಕೀಳು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಅದರದೇ ತರ್ಕವಿದೆ.

ಕೆಡುವುದು ಎರಡನ್ನೂ ಬೆರೆಸಿದಾಗ. ‘ಯಂ’, ‘ರಂ’ನಂಥ ಬೀಜಮಂತ್ರ ಇಲ್ಲಿಯದು, ಬೇಡಿಕೆ ಅಲ್ಲಿಯದು. ಐದಕ್ಷರದ ಮಂತ್ರದ ಪುರಶ್ಚರಣೆಗೆ, ಅಂದರೆ ಮಂತ್ರ ಸಿದ್ಧಿಸಿಕೊಳ್ಳುವ ವಿಧಿಗೆ, ಅಕ್ಷರಕ್ಕೊಂದು ಲಕ್ಷದ ಲೆಕ್ಕದಲ್ಲಿ 5 ಲಕ್ಷ ಜಪ, 50,000 ಹೋಮ, 5,000 ತರ್ಪಣ, 500 ಮಾರ್ಜನ (ನೀರು ಚಿಮುಕಿಸುವುದು), 50 ಜನಕ್ಕೆ ಊಟ. 108 ಮಣಿಯ ಮಾಲೆಯನ್ನು ನೂರೆಂದೇ ಎಣಿಸಿ ದಿನಕ್ಕೆ 20 ಮಾಲೆ ಮಾಡಿದರೂ ಜಪಕ್ಕೇ 250 ದಿನ ಬೇಕು. ಬೆರಕೆ ಮಾಡುವವರು ಇದನ್ನು ಬಿಡುತ್ತಾರೆ, ಭೂತಶುದ್ಧಿಯನ್ನೂ ಬಿಡುತ್ತಾರೆ, ಕೊನೆಗೆ ಆ ಹೂವನ್ನು ಎತ್ತಿಕೊಳ್ಳುವುದನ್ನೂ ಮರೆಯುತ್ತಾರೆ.