ಪರೀಕ್ಷೆಗೆ 30, ಬಳಸುವವರಿಗೆ 24

ಮಂಗಳವಾರ, 14 ಅಕ್ಟೋಬರ್ 2025

ನಾಳೆ ನಮ್ಮ ಆಂಡ್ರಾಯ್ಡ್ ಆ್ಯಪ್‌ನ ರಿಲೀಸ್. ಸುಮ್ನೆ ಒಂದು ಸಲ ನೋಡೋಣ ಅಂತ ಬಿಲ್ಡನ್ನು ಡ್ರಾಯರ್‌ನಲ್ಲಿದ್ದ ಆಂಡ್ರಾಯ್ಡ್ 7ರ ಫೋನಿಗೆ ಹಾಕಿದೆ. ತೆರೆದ ಕೂಡಲೇ ಆ್ಯಪ್ ಕ್ರ್ಯಾಶ್. ಫೋನಿನ ಲಾಗ್ ತೋರಿಸುವ ಲಾಗ್‌ಕ್ಯಾಟ್ ಪ್ರಕಾರ ಸಿಗದೇ ಹೋದದ್ದು ಜಾವಾ ಟೈಮ್ ಎಂಬ ದಿನಾಂಕ-ಸಮಯದ ಲೈಬ್ರರಿಯ ಲೋಕಲ್‌ಡೇಟ್. ಅದು ಆಂಡ್ರಾಯ್ಡ್‌ಗೆ ಬಂದದ್ದೇ 8ರಲ್ಲಿ, ಅಂದರೆ ಎಪಿಐ 26ರಲ್ಲಿ (ಆಂಡ್ರಾಯ್ಡ್ ಆವೃತ್ತಿಗೆ ಡೆವಲಪರ್‌ಗಳು ಬಳಸುವ ಸಂಖ್ಯೆ). ನಮ್ಮ ಮಿನ್‌ಎಸ್‌ಡಿಕೆ (ಆ್ಯಪ್ ಓಡಲು ಬೇಕಾದ ಕನಿಷ್ಠ ಎಪಿಐ) 24, ಅಂದರೆ ಆಂಡ್ರಾಯ್ಡ್ 7.

ಇಂಥದ್ದು ಕಂಡರೆ ಕೆಂಪು ಗೆರೆ ಎಳೆಯುವುದೇ ಕೋಡ್ ತಪಾಸಣೆ ಮಾಡುವ ಲಿಂಟ್‌ನ ಕೆಲಸ ಅಲ್ವಾ? ಅದೇಕೆ ತೆಪ್ಪಗಿತ್ತು?

ಅದರ ಬಾಯಿ ಮುಚ್ಚಿಸಿದ್ದು ನಾನೇ. ಟೆಸ್ಟ್‌ಗಳ ಹೆಸರನ್ನು ಕಾಟ್ಲಿನ್ ಭಾಷೆಯಲ್ಲಿ ಬ್ಯಾಕ್‌ಟಿಕ್ (`) ಹಾಕಿ, ನಡುವೆ ಜಾಗ ಬಿಟ್ಟು, ಪೂರ್ತಿ ವಾಕ್ಯದ ಹಾಗೆ ಬರೆಯುವ ಚಟ ನನಗೆ. ಓದಲು ಚೆಂದ. ಕಂಪ್ಯೂಟರ್‌ನಲ್ಲೇ ಓಡುವ ಯೂನಿಟ್ ಟೆಸ್ಟ್‌ಗೆ ತೊಂದರೆಯಿಲ್ಲ. ಫೋನಿನಲ್ಲಿ ಓಡುವ ಟೆಸ್ಟ್‌ನ ಹೆಸರಲ್ಲಿ ಜಾಗ ಬಿಡಲು ಮಾತ್ರ ಡೆಕ್ಸ್ 040 (ಆಂಡ್ರಾಯ್ಡ್ ಓಡಿಸುವ ಕೋಡ್ ಫೈಲಿನ ಒಂದು ಆವೃತ್ತಿ) ಬೇಕು, ಅದಕ್ಕೆ ಮಿನ್‌ಎಸ್‌ಡಿಕೆ 30 ಆದರೂ ಇರಬೇಕು. ಹೆಸರು ಬದಲಿಸುವ ಸೋಮಾರಿತನಕ್ಕೆ 'ಡೆವ್' ಅಂತ ಒಂದು ಫ್ಲೇವರ್ (ಅದೇ ಆ್ಯಪ್‌ನ ಇನ್ನೊಂದು ರೂಪ) ಮಾಡಿ ಅದಕ್ಕೆ 30 ಕೊಟ್ಟಿದ್ದೆ. ರಿಲೀಸ್ ಫ್ಲೇವರ್ 24ರಲ್ಲೇ ಉಳಿಯಿತು.

ಆಮೇಲೆ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ದಿನವೂ ಆರಿಸಿಕೊಂಡದ್ದು ಡೆವ್. ಲಿಂಟ್ ನೋಡುವುದು ಆರಿಸಿದ ವೇರಿಯಂಟ್‌ನ (ಫ್ಲೇವರ್‌ನಿಂದ ಆಗುವ ಬಿಲ್ಡ್‌ನ) ಮಿನ್‌ಎಸ್‌ಡಿಕೆಯನ್ನು. 30ರ ಲೆಕ್ಕದಲ್ಲಿ ಲೋಕಲ್‌ಡೇಟ್ ಹಳೇ ಸರಕು, ಲಿಂಟ್ ಯಾಕೆ ಕೂಗುತ್ತದೆ? ಕೋಡನ್ನು ತಾನಾಗಿಯೇ ತಪಾಸಣೆ ಮಾಡುವ ಸಿಐನಲ್ಲೂ ಲಿಂಟ್ ಓಡುತ್ತಿದ್ದದ್ದು ಡೆವ್ ಮೇಲೆಯೇ. ಹಳೇ ಫೋನಿಗೆ ಡೆವ್ ಬಿಲ್ಡ್ ಇನ್‌ಸ್ಟಾಲ್ ಕೂಡ ಆಗುವುದಿಲ್ಲ. ಹಾಗಾಗಿ ಆ ಫೋನ್ ಡ್ರಾಯರ್ ಸೇರಿತ್ತು.

ಮಧ್ಯಾಹ್ನವೆಲ್ಲ ರಿಪೇರಿ. ಹೊಸ ಲೈಬ್ರರಿಗಳನ್ನು ಹಳೇ ಆಂಡ್ರಾಯ್ಡ್‌ನಲ್ಲೂ ಓಡಿಸುವ ಕೋರ್ ಲೈಬ್ರರಿ ಡಿಶುಗರಿಂಗ್ ಆನ್ ಮಾಡಿದೆ, ಜಾವಾ ಟೈಮ್ 24ರಲ್ಲೂ ನಡೆಯಿತು. ಟೆಸ್ಟ್ ಹೆಸರುಗಳ ಜಾಗಕ್ಕೆಲ್ಲ ಅಂಡರ್‌ಸ್ಕೋರ್ ತುಂಬಿದೆ. ನೋಡಲು ಮುಳ್ಳುಬೇಲಿ, ಇರಲಿ. ಡೆವ್‌ನ 30 ಅಳಿಸಿದೆ. ಸಿಐನಲ್ಲಿ ಲಿಂಟನ್ನು ರಿಲೀಸ್ ವೇರಿಯಂಟ್‌ಗೆ ತಿರುಗಿಸಿದೆ.

ಸಂಜೆ ಎಪಿಐ 24ರ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನೊಳಗಿನ ನಕಲಿ ಫೋನ್) ಟೆಸ್ಟ್ ಓಡಿಸಿದರೆ ಇನ್ನೊಂದು ಹೊರಬಿತ್ತು: ಪಟ್ಟಿಯ ಮೊದಲ ಅಂಶ ತೆಗೆಯಲು ಕರೆದಿದ್ದ ರಿಮೂವ್‌ಫಸ್ಟ್. ಕಂಪೈಲ್‌ಎಸ್‌ಡಿಕೆ (ಕೋಡ್ ಕಂಪೈಲ್ ಮಾಡಲು ಬಳಸುವ ಎಪಿಐ) 35 ಮಾಡಿದ ಮೇಲೆ ಅದು ಕಾಟ್ಲಿನ್‌ನದ್ದಾಗಿ ಉಳಿಯದೆ ಆಂಡ್ರಾಯ್ಡ್ 15ರ ಹೊಸ ಮೆಥಡ್‌ಗೆ ಹೋಗಿ ಕೂತಿದೆ. ನಾವು ಟೆಸ್ಟ್ ಮಾಡುವ ಫೋನ್‌ಗಳೆಲ್ಲ 15ರವೇ, ಯಾರಿಗೆ ಗೊತ್ತಾಗಬೇಕು! ರಿಮೂವ್‌ಆ್ಯಟ್ ಸೊನ್ನೆ ಅಂತ ಬದಲಿಸುತ್ತಾ ಕೂತಿದ್ದೇನೆ. ಇನ್ನೂ ಹನ್ನೊಂದು ಕಡೆ ಇದೆ. ರಿಲೀಸ್ ನಾಡಿದ್ದಿಗೆ ಹೋಯಿತು.