ಗೆದ್ದ ಮೇಲಿನ ಆರು ವರ್ಷ

'ನಾರ್ಮಾ ರೇ' (1979) ಸಿನಿಮಾ ನೋಡದವರೂ ಅದರ ಒಂದು ದೃಶ್ಯವನ್ನಂತೂ ನೋಡಿರುತ್ತಾರೆ. ಜವಳಿ ಗಿರಣಿಯೊಳಗೆ ಮೇಜು ಹತ್ತಿ ನಿಂತ ಸ್ಯಾಲಿ ಫೀಲ್ಡ್, ಕೈಯಲ್ಲಿ 'ಯೂನಿಯನ್' ಅಂತ ಬರೆದ ರಟ್ಟು. ಒಂದೊಂದಾಗಿ ಯಂತ್ರಗಳ ಸದ್ದು ಅಡಗುತ್ತದೆ. ಚಪ್ಪಾಳೆ ಗಿಟ್ಟಿಸುವ ದೃಶ್ಯವೇ ಸರಿ. ಆದರೆ ಸಂಘದ ಕೆಲಸ ಬಲ್ಲವರ ಕಣ್ಣು ನೆಡುವುದು ಅದಕ್ಕೂ ಮುಂಚಿನ ಘಟನೆಯ ಮೇಲೆ. ಸೂಪರ್‌ವೈಸರುಗಳು ಬೇಡವೆಂದರೂ ಕೇಳದೆ, ಮ್ಯಾನೇಜ್‌ಮೆಂಟಿನವರು ನೋಟಿಸ್ ಬೋರ್ಡಿಗೆ ಹಾಕಿದ ಕಾಗದವನ್ನು ಅವಳು ನಕಲು ಮಾಡಿಕೊಳ್ಳುತ್ತಾಳೆ.

ಯೂನಿಯನ್ ಬಂದರೆ ಕಪ್ಪು ಜನರದ್ದೇ ಕೈ ಮೇಲಾಗುತ್ತದೆ ಅಂತ ಬಿಳಿ ಕಾರ್ಮಿಕರನ್ನು ಹೆದರಿಸುವ ಕಾಗದ ಅದು. ಇದರ ಮೇಲೆ ದೂರು ಕೊಡಬೇಕಾದರೆ 'ಹೀಗೇನೋ ಬರೆದಿದ್ದರು' ಅಂದರೆ ನಡೆಯುವುದಿಲ್ಲ; ಪದಕ್ಕೆ ಪದ ಬೇಕು. ಇನ್ನೊಂದು ಕಡೆ, ಸಂಘದ ಸಂಘಟಕ ರೂಬೆನ್ ಗಿರಣಿಯೊಳಗೆ ಬಂದು ನೋಟಿಸ್ ಬೋರ್ಡ್ ಪರಿಶೀಲಿಸುತ್ತಾನೆ. ಯೂನಿಯನ್ನಿನ ಸೂಚನೆಯನ್ನು ಯಾರಿಗೂ ಎಟುಕದಷ್ಟು ಎತ್ತರಕ್ಕೆ ಅಂಟಿಸಿದ್ದಾರೆ. ಕಣ್ಣಿನ ಮಟ್ಟಕ್ಕೆ ಇಳಿಸಿ ಅಂತ ಪಟ್ಟು ಹಿಡಿಯುತ್ತಾನೆ. ಹತ್ತು ಭಾಷಣಕ್ಕಿಂತ ಈ ಪುಟ್ಟ ಜಗಳ ನಿಜಕ್ಕೆ ಹತ್ತಿರ.

ಈ ಕಥೆಗೆ ಮೂಲ ಕ್ರಿಸ್ಟಲ್ ಲೀ ಸಟನ್. ಉತ್ತರ ಕ್ಯಾರೊಲಿನಾದ ರೋನೋಕ್ ರಾಪಿಡ್ಸ್‌ನಲ್ಲಿ ಜೆ.ಪಿ. ಸ್ಟೀವನ್ಸ್ ಕಂಪನಿಯ ಗಿರಣಿಯಿಂದ 1973ರಲ್ಲಿ ಕೆಲಸ ಕಳೆದುಕೊಂಡವರು. ಅಮೆರಿಕದ ಪದ್ಧತಿ ನಮ್ಮದಕ್ಕಿಂತ ಬೇರೆ. ಕನಿಷ್ಠ ಶೇ. 30 ಕಾರ್ಮಿಕರು 'ಯೂನಿಯನ್ ಬೇಕು' ಅನ್ನುವ ಕಾರ್ಡಿಗೆ ಸಹಿ ಹಾಕಿದರೆ ಸರ್ಕಾರಿ ಮಂಡಳಿ ಗುಪ್ತ ಮತದಾನ ನಡೆಸುತ್ತದೆ. ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದರೆ ಯೂನಿಯನ್ನಿಗೆ ಮಾನ್ಯತೆ. ನಮ್ಮ 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿ ನೋಂದಣಿಗೆ ದಾರಿಯಿತ್ತು, ಇಂಥ ಮತದಾನದ ಏರ್ಪಾಡು ಇರಲಿಲ್ಲ. ಸಿನಿಮಾ ಮತ ಎಣಿಕೆಯ ಗೆಲುವಿಗೆ ಬಂದು ನಿಲ್ಲುತ್ತದೆ.

ತೊಡಕು ಶುರುವಾಗುವುದೇ ಅಲ್ಲಿಂದ. ಗೆದ್ದ ಸಂಘದ ಜೊತೆ ಮಾಲೀಕರು ಮಾತುಕತೆಗೆ ಕೂರಲೇಬೇಕು ಅನ್ನುತ್ತದೆ ಕಾನೂನು, ಆದರೆ ಯಾವ ಬೇಡಿಕೆಗೂ ಒಪ್ಪಲೇಬೇಕು ಅನ್ನುವುದಿಲ್ಲ. ಕೂತು ಎಳೆದಾಡುತ್ತಾ ಕಾಲ ತಳ್ಳಬಹುದು. ರೋನೋಕ್ ರಾಪಿಡ್ಸ್‌ನವರು ಮತ ಗೆದ್ದದ್ದು 1974ರ ಆಗಸ್ಟ್‌ನಲ್ಲಿ, ಒಪ್ಪಂದಕ್ಕೆ ಸಹಿ ಬಿದ್ದದ್ದು 1980ರ ಅಕ್ಟೋಬರ್‌ನಲ್ಲಿ. ನಡುವೆ ಕಂಪನಿಯ ಸರಕಿಗೆ ದೇಶದುದ್ದಕ್ಕೂ ಬಹಿಷ್ಕಾರ, ಜೊತೆಗೆ ಕಂಪನಿಯ ಆಡಳಿತ ಮಂಡಳಿಗೂ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಿಗೂ ಇದ್ದ ನಂಟು ಹಿಡಿದು ಹಾಕಿದ ಒತ್ತಡ. ಸಿನಿಮಾ ತೆರೆಗೆ ಬಂದಾಗ ಒಪ್ಪಂದ ಆಗಿರಲೇ ಇಲ್ಲ, ಹಾಗಾಗಿ ನಿರ್ದೇಶಕ ಮಾರ್ಟಿನ್ ರಿಟ್ ಅದನ್ನು ತೋರಿಸುವಂತಿರಲಿಲ್ಲ ನಿಜ. ಇನ್ನೂ ಒಪ್ಪಂದವಾಗಿಲ್ಲ ಅಂತ ಕೊನೆಗೆ ಒಂದು ಸಾಲು ಹಾಕಬಹುದಿತ್ತು.

'ಮೇಡ್ ಇನ್ ಡಾಗೆನ್‌ಹ್ಯಾಮ್' (2010) ಸಿನಿಮಾಕ್ಕೆ ಆ ನೆಪವೂ ಇಲ್ಲ. 1968ರ ಜೂನ್‌ನಲ್ಲಿ ಲಂಡನ್ನಿನ ಡಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಕವರ್ ಹೊಲಿಯುವ 187 ಹೆಂಗಸರು ಕೆಲಸ ನಿಲ್ಲಿಸಿದರು. ಸೀಟಿಲ್ಲದೆ ಕಾರು ಹೊರಗೆ ಹೋಗುವುದಿಲ್ಲ. ಕೆಲವೇ ದಿನಗಳಲ್ಲಿ ಇಡೀ ಉತ್ಪಾದನೆಗೆ ಕುತ್ತು ಬಂತು. ಅವರ ಮೂಲ ತಕರಾರು ಗ್ರೇಡಿನದ್ದು: ಕುಶಲತೆ ಬೇಡುವ ಕೆಲಸವನ್ನು 'ಬಿ' ಗ್ರೇಡಿಗೆ, ಅಂದರೆ ಕುಶಲತೆ ಬೇಡದ ಕೆಲಸದ ಸಾಲಿಗೆ ಸೇರಿಸಿದ್ದಾರೆ, 'ಸಿ' ಕೊಡಿ ಅಂತ. ಅದರ ಮೇಲೆ, 'ಬಿ' ಗ್ರೇಡಿನ ಗಂಡಸಿಗೆ ಕೊಡುವುದರಲ್ಲಿ ಶೇ. 85 ಮಾತ್ರ ಹೆಂಗಸಿಗೆ. ಮೂರು ವಾರದ ಮುಷ್ಕರದ ಬಳಿಕ ಸಚಿವೆ ಬಾರ್ಬರಾ ಕಾಸಲ್ ಮಧ್ಯಸ್ಥಿಕೆಯಲ್ಲಿ ಅದು ಶೇ. 92ಕ್ಕೆ ಏರಿತು. 1970ರಲ್ಲಿ ಸಮಾನ ವೇತನ ಕಾಯ್ದೆಯೂ ಬಂತು. ಗ್ರೇಡು ಮಾತ್ರ ಇದ್ದಲ್ಲೇ ಇತ್ತು. 'ಸಿ' ಸಿಗಲು ಅವರು 1984ರಲ್ಲಿ ಇನ್ನೊಮ್ಮೆ ಮುಷ್ಕರ ಹೂಡಬೇಕಾಯಿತು. ತೆರೆಯ ಮೇಲೆ ಗ್ರೇಡಿನ ಮಾತು ಬಂದರೂ ಸಮಾನ ವೇತನದ ಜಯದಲ್ಲಿ ಕರಗಿಹೋಗುತ್ತದೆ. ಸಿನಿಮಾಕ್ಕೆ ಅದೇ ಸಲೀಸು.

ಸಂಘದ ನಿಯಮಾವಳಿಯನ್ನೇ ನಾಟಕವಾಗಿಸಿದ ಸಿನಿಮಾ ಬೇಕಿದ್ದರೆ 1954ರ 'ಸಾಲ್ಟ್ ಆಫ್ ದಿ ಅರ್ತ್' ನೋಡಬೇಕು. ನ್ಯೂ ಮೆಕ್ಸಿಕೋದ ಸತು ಗಣಿಯೊಂದರಲ್ಲಿ 1950ರಿಂದ 1952ರವರೆಗೆ ನಡೆದ ಮುಷ್ಕರ ಅದರ ವಸ್ತು. ಮುಷ್ಕರನಿರತ ಗಣಿ ಕೆಲಸಗಾರರು ಪಿಕೆಟಿಂಗ್ ಮಾಡಕೂಡದು, ಅಂದರೆ ಗಣಿಯ ಮುಂದೆ ಸಾಲುಗಟ್ಟಿ ನಿಂತು ಕೆಲಸಕ್ಕೆ ಹೋಗುವವರನ್ನು ತಡೆಯಕೂಡದು ಅಂತ ಕೋರ್ಟು ತಡೆಯಾಜ್ಞೆ ಕೊಡುತ್ತದೆ. ಹೆಂಡತಿಯರು ಗಣಿಯ ನೌಕರರಲ್ಲವಲ್ಲ! ಅವರೇ ಹೋಗಿ ನಿಲ್ಲುತ್ತೇವೆ ಅನ್ನುತ್ತಾರೆ. ಆದರೆ ಇದನ್ನು ಮತಕ್ಕೆ ಹಾಕುವಾಗ ಸಂಘದ ಸಭೆಯಲ್ಲಿ ಸದಸ್ಯರಲ್ಲದ ಹೆಂಗಸರಿಗೆ ಮತವಿಲ್ಲ. ಉಪಾಯ ಏನು? ಸಂಘದ ಸಭೆಯನ್ನು ಮುಂದೂಡಿ, ಅದೇ ಹಾಲ್‌ನಲ್ಲಿ, ಅದೇ ಜನರಿಂದ ಊರಸಭೆ ಆರಂಭಿಸುತ್ತಾರೆ. ಈಗ ಎಲ್ಲರಿಗೂ ಮತ. ಸಭೆ ನಡೆಸಿ ಪಳಗಿದವರಿಗಷ್ಟೇ ಹೊಳೆಯುವ ಉಪಾಯ ಇದು. ನಾಯಕನ ಪಾತ್ರ ಮಾಡಿದ ಹ್ವಾನ್ ಚಕೋನ್ ಅಲ್ಲಿನ ಸ್ಥಳೀಯ ಯೂನಿಯನ್ನಿನ ಅಧ್ಯಕ್ಷರೇ ಆಗಿದ್ದರು. ಆ ಕಾಲದ ಕಮ್ಯುನಿಸ್ಟ್ ಬೇಟೆಯಲ್ಲಿ ನಾಯಕಿ ರೊಸೌರಾ ರೆವುಯೆಲ್ಟಾಸ್ ಅವರನ್ನು ಚಿತ್ರೀಕರಣದ ನಡುವೆಯೇ ಬಂಧಿಸಿದರು. ಅವರು ಮೆಕ್ಸಿಕೋಗೆ ಮರಳಬೇಕಾಯಿತು.

ಸಿನಿಮಾ ಸಿದ್ಧವಾದ ಮೇಲೆ ಅದನ್ನು ಓಡಿಸಲು ಥಿಯೇಟರುಗಳಲ್ಲಿ ಪ್ರೊಜೆಕ್ಷನಿಸ್ಟುಗಳು ಒಪ್ಪಲಿಲ್ಲ. ಓಡಿಸಬೇಡಿ ಅಂದದ್ದು ಅವರದೇ ಯೂನಿಯನ್.