ಹೌದು, ರೊಕ್ಕ ಬರ್ತದ. ಇನ್ನು ಪುಡಿ ಬಗ್ಗೆ ಕೇಳಿ

"ಆನ್‌ಲೈನ್ ಸರ್ವೆ ಮಾಡಿದ್ರ, ಕಂಪನಿ ಸಾಮಾನು ಟೆಸ್ಟ್ ಮಾಡಿದ್ರ ತಿಂಗಳಿಗಿ ಎಷ್ಟು ಬರ್ತದ್ರೀ ಸರ್?"

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಆಧಾರ್ ಪ್ರಿಂಟ್ ತೆಗೆಸಲು ಬಂದವರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇದರ ಒಂದು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತೇನೆ, ಓದಿಕೊಳ್ಳಿ.

ಹೋದ ವರ್ಷ ನನಗೆ ಬಂದದ್ದು 2,150 ರೂಪಾಯಿ. ತಿಂಗಳಿಗಲ್ಲ, ವರ್ಷಕ್ಕೆ. ಅದರಲ್ಲೂ ಜಾಸ್ತಿ ಶಾಪಿಂಗ್ ವೋಚರೇ. ಮುಖ ಸಣ್ಣಗಾಯ್ತಲ್ವಾ? ಎಲ್ಲರದ್ದೂ ಹಾಗೇ ಆಗುತ್ತದೆ. ಆಮೇಲೆ ನಾನೇನೋ ಮುಚ್ಚಿಡುತ್ತಿದ್ದೇನೆ ಅಂತ ಅನುಮಾನ ಬೇರೆ.

ಕೇಳುವುದಕ್ಕಲ್ಲ, ಕೇಳುವ ಧಾಟಿಗೆ ಸಿಟ್ಟು ಬರುತ್ತದೆ. ಆಳಂದದಲ್ಲಿ ಒಂದು ಕುಬಸದ ಊಟ. ನಮ್ಮ ಮಾವ ಇಡೀ ಪಂಕ್ತಿಗೆ ಕೇಳುವ ಹಾಗೆ, "ನಮ್ಮ ಅಳಿಯ ಸುಮ್ನ ಕುಂತಲ್ಲೇ ರೊಕ್ಕ ಹೊಡೀತಾನ, ಫುಕಟ್ ಸಾಮಾನು ಬ್ಯಾರೆ" ಅಂದರು. ಹೋಳಿಗೆ ಗಂಟಲಲ್ಲೇ ನಿಂತಿತು.

ಸುಮ್ನೆ ಕುಂತು ಏನು ಮಾಡುತ್ತೇನೆ ಗೊತ್ತಾ ಮಾವ? ಸರ್ವೆಗೂ ಮುಂಚೆ ಸೋಸುವ ಪ್ರಶ್ನೆಗಳಿರುತ್ತವೆ. ಮನೆಯಲ್ಲಿ ಮುಖ್ಯವಾಗಿ ದುಡಿಯುವವರು ಎಷ್ಟು ಓದಿದ್ದಾರೆ? ಫ್ಯಾನ್, ಫ್ರಿಜ್, ಗ್ಯಾಸ್ ಒಲೆ, ಬೈಕು, ಹೊಲ, ಯಾವ್ಯಾವುದಿದೆ? ಓದು ಮತ್ತು ಇಂಥ 11 ಆಸ್ತಿಗಳನ್ನು ಎಣಿಸಿ ಮನೆಗಳಿಗೆ ದರ್ಜೆ ಕೊಡುವ ಪದ್ಧತಿಯನ್ನು ನಮ್ಮ ದೇಶದ ಸರ್ವೆಯವರು 2011ರಲ್ಲಿ ತಂದರು. ಮನೆಯವರು ಯಾರಾದರೂ ಜಾಹೀರಾತು ಕೆಲಸದಲ್ಲಿದ್ದರೆ ಅಲ್ಲೇ ಹೊರಗೆ. ಹತ್ತು ನಿಮಿಷ ಒತ್ತಿ ಒತ್ತಿ ಕೊನೆಗೆ, "ಕ್ಷಮಿಸಿ, ಈ ಸರ್ವೆಗೆ ನೀವು ಹೊಂದುವುದಿಲ್ಲ." ಆ ಹತ್ತು ನಿಮಿಷಕ್ಕೆ ಒಂದು ಪೈಸೆಯೂ ಇಲ್ಲ. ಊರು ಆರಿಸುವಲ್ಲಿ ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಹೆಸರು ಬದಲಾದದ್ದು 2014ರಲ್ಲಿ!

ಇನ್ನೊಂದು. ಮೊದಲು 500 ಕಟ್ಟಿ ಅಂದರೆ ಅದು ಸರ್ವೆಯಲ್ಲ, ಮೋಸ. ಕಟ್ಟಿಬಿಟ್ಟಿದ್ದರೆ ನನ್ನ ಅಂಗಡಿಗೆ ಓಡಿ ಬರಬೇಡಿ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಷ್ಟು ಜನ ರೊಕ್ಕ ಕೇಳಿದಿರಿ. "ಆ ಪುಡಿ ಹೆಂಗಿತ್ತೋ?" ಅಂತ ಒಬ್ಬರಾದರೂ ಕೇಳಿದಿರಾ?

ಟೆಸ್ಟ್ ಮಾಡಲು ಕಂಪನಿ ಕಳಿಸಿದ್ದ ಬಟ್ಟೆ ಒಗೆಯುವ ಪುಡಿ. ಬಿಳಿ ಪಾಕೀಟು, ಹೆಸರಿಲ್ಲ, ಬರೀ 417 ಅಂತ ನಂಬರ್. ಹೆಸರು ಕಂಡರೆ ಜನ ಹೆಸರಿಗೇ ಮಾರ್ಕ್ಸ್ ಕೊಡುತ್ತಾರೆ, ಅದಕ್ಕೆ. ಎ, ಬಿ ಅಂತಲೂ ಬರೆಯುವುದಿಲ್ಲ, ಎ ಅಂದರೆ ಮೇಲಿನದು ಅನ್ನಿಸಿಬಿಡುತ್ತದೆ. ಎರಡು ವಾರ ಬಳಸಬೇಕಿತ್ತು. "ಮನೆಯಲ್ಲಿ ಬಟ್ಟೆ ಒಗೆಯುವವರು ಯಾರು?" ಅಂತ ಮೊದಲೇ ಕೇಳಿದ್ದರು. "ನಾನೇ" ಅಂತ ಒತ್ತಿದ್ದೆ. ಒಗೆಯುವವಳು ಅವ್ವ. ಆಯ್ತು, ತಪ್ಪೇ. ನಿಜ ಒತ್ತಿದ್ದರೆ ಪಾಕೀಟೇ ಬರುತ್ತಿರಲಿಲ್ಲ.

ನಮ್ಮ ಬೋರಿನ ನೀರಿಗೆ ಬಕೆಟ್ಟಿನ ಒಳಗೆಲ್ಲ ಬೆಳ್ಳಗೆ ಪೊರೆ ಕಟ್ಟುತ್ತದೆ. ಅವ್ವ ಒಂದು ಚಮಚ ಪುಡಿ ಹಾಕಿ ಕೈಯಾಡಿಸಿದಳು. ನೊರೆಯಿಲ್ಲ. ಇನ್ನೊಂದು ಚಮಚ. ಮತ್ತೊಂದು. "ಇದು ಒಗಿಯೋ ಪುಡಿ ಏನೋ, ವಿಭೂತಿ ಏನೋ?" ಅಂದಳು. ಎರಡು ವಾರದ ಪಾಕೀಟು ಆರೇ ದಿನಕ್ಕೆ ಖಾಲಿ. ಆದರೆ ನನ್ನ ಅಂಗಿಯ ಕಾಲರ್ ಬೆಳ್ಳಗಾಗಿತ್ತು. ಅದಕ್ಕೂ ಪುಡಿಗೆ ಮಾರ್ಕ್ಸ್ ಸಿಗಲಿಲ್ಲ. "ತಿಕ್ಕಿದ್ದು ನಾನು" ಅಂದಳು.

ನೊರೆ, ವಾಸನೆ, ಕಲೆ, ಎಲ್ಲಕ್ಕೂ ಒಂದರಿಂದ ಐದರವರೆಗೆ ಮಾರ್ಕ್ಸ್ ಕೇಳಿದರು. ಯಾವ ನೀರು ಅಂತ ಮಾತ್ರ ಎಲ್ಲೂ ಕೇಳಲಿಲ್ಲ. ಗಡಸು ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ, ಪುಡಿಯಲ್ಲಿ ಅರ್ಧ ಅವೇ ತಿಂದಂತೆ. ಅದನ್ನು ಹೇಳದೆ ನೊರೆಗೆ ಒಂದು ಮಾರ್ಕ್ಸ್ ಕೊಟ್ಟರೆ ಪಾಪ, ಪುಡಿಯ ತಪ್ಪೇನು? ಕೊನೆಯಲ್ಲಿ "ಬೇರೆ ಅನಿಸಿಕೆ" ಅಂತ ಒಂದು ಡಬ್ಬಿ. ಕನ್ನಡದಲ್ಲೇ ಶುರು ಮಾಡಿದೆ. "ನಮ್ಮ ಕಡೆ ನೀರು" ಅನ್ನುವಷ್ಟರಲ್ಲಿ 200 ಅಕ್ಷರ ಮುಗಿಯಿತು. ಪೀಠಿಕೆ ಉದ್ದವಾಗಿತ್ತು.

ಬೇರೆಯವರಿಗೆ ಇದನ್ನು ತಗೊಳ್ಳಿ ಅಂತ ಹೇಳುತ್ತೀರಾ, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೊನೆಯ ಪ್ರಶ್ನೆ. ಅವ್ವನನ್ನೇ ಕೇಳಿದೆ.

"ಹತ್ತು ಹಾಕು. ಇನ್ನೊಂದು ಪಾಕೀಟು ಕಳಸ್ತಾರ."

ನಾನು ಆರು ಹಾಕಿದೆ. ಇನ್ನೊಂದು ಪಾಕೀಟು ಬರಲಿಲ್ಲ. ಅವ್ವ ಈಗಲೂ ಬಟ್ಟೆ ನೆನೆಹಾಕುವಾಗ ಅದನ್ನೇ ಅಂದು ಆಡುತ್ತಾಳೆ.